ಆರೋಗ್ಯದ ದುಡ್ಡು ಮುಗಿಸಲು ಹೋಗಿದ್ದು

ನಮ್ಮ ಕಂಪನಿ ವರ್ಷಕ್ಕೊಮ್ಮೆ ಆರೋಗ್ಯಕ್ಕೆಂದೇ ನಮ್ಮ ಹೆಸರಲ್ಲಿ ಒಂದಿಷ್ಟು ದಿನಾರ್ ತೆಗೆದಿಡುತ್ತದೆ. ಔಷಧಿ, ಕನ್ನಡಕ, ಹಲ್ಲಿನ ಕೆಲಸ, ಇಂಥದ್ದಕ್ಕೆ ಮಾತ್ರ. ಡಿಸೆಂಬರ್ ದಾಟಿದರೆ ಖಲಾಸ್, ಉಳಿದದ್ದು ಕಂಪನಿಗೇ ವಾಪಸ್. ಸುಮ್ಮನೆ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ವರ್ಷದ ಕೊನೆಯ ವಾರ ನಾನಿರುವ ಖೈತಾನ್ ಬಡಾವಣೆಯ ಒಂದು ಮೆಡಿಕಲ್ ಶಾಪಿಗೆ ನುಗ್ಗಿದೆ.

ಅಂಗಡಿಯವರು ಪುತ್ತೂರು ಕಡೆಯವರು. ನಾನು ಫೋನಿನಲ್ಲಿ ಮಾತಾಡಿದ್ದು ಕೇಳಿ ಕನ್ನಡದಲ್ಲೇ ಶುರು ಮಾಡಿದರು.

“ಎಂತ ಸಾರ್, ಹುಷಾರಿಲ್ವಾ?”

“ಹುಷಾರಾಗೇ ಇದ್ದೀನಿ. ದುಡ್ಡು ಖರ್ಚಾಗಬೇಕು.”

ವಿಷಯ ಹೇಳಿ, ಶೋಕೇಸಿನ ಸೆಂಟಿನ ಬಾಟಲಿ ತೋರಿಸಿದೆ.

“ಅದು ಆಗುದಿಲ್ಲ ಸಾರ್.”

“ಫೇಸ್ ಕ್ರೀಮು?”

“ಅದೂ ಆಗುದಿಲ್ಲ. ಬಿಪಿ ಮಷಿನ್ ಆಗ್ತದೆ.”

ಸರಿ, ಮನೆಯಲ್ಲೊಂದು ಇರಲಿ, ವಯಸ್ಸಾದವರು ಯಾರಾದರೂ ಬಂದರೆ ಉಪಯೋಗಕ್ಕೆ ಬರುತ್ತೆ ಅಂದೆ. ಹೇಗೆ ನೋಡುವುದೆಂದು ತೋರಿಸಲು ನನ್ನ ತೋಳಿಗೇ ಪಟ್ಟಿ ಸುತ್ತಿದರು. ನಂಬರ್ ನೋಡುತ್ತಲೇ ಅವರ ನಗು ನಿಂತಿತು.

“ಮಷಿನ್ ಸರಿಯಿಲ್ಲ,” ಅಂದೆ.

ಅವರು ತಮ್ಮ ತೋಳಿಗೆ ಸುತ್ತಿಕೊಂಡು ನೋಡಿದರು. ನಾರ್ಮಲ್. ಬೇರೆ ಕಂಪನಿಯದು ತೆಗೆಸಿದೆ. ಅದು ಮೊದಲನೆಯದಕ್ಕಿಂತ ಜಾಸ್ತಿ ತೋರಿಸಿತು.

“ಸಿಟ್ಟು ಮಾಡಿದ್ರೆ ಇನ್ನೂ ಏರ್ತದೆ ಸಾರ್,” ಎಂದು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. “ನಾಳೆಯೇ ಡಾಕ್ಟರಿಗೆ ತೋರಿಸಿ. ಮಾತ್ರೆಗೆಲ್ಲ ಆ ದುಡ್ಡು ಆಗ್ತದೆ.”

ಆಗುತ್ತಿದೆ. ದುಡ್ಡು ಕಂಪನಿಗೆ ವಾಪಸ್ ಹೋಗುತ್ತದೆಂಬ ಚಿಂತೆ ಈಗ ನನಗಿಲ್ಲ. ಆಗಸ್ಟ್ ಬರುವಷ್ಟರಲ್ಲಿ ಖಾಲಿ.