ಕಾಟಾ ಓದದ ಕಂಪ್ಯೂಟರ್

ಊರಿಗೆ ಊರೇ ಐಟಿ ಕೆಲಸದ ಹಿಂದೆ ಬಿದ್ದಿದ್ದ ಆ ವರ್ಷಗಳಲ್ಲಿ ನಾನು ಹೈದರಾಬಾದಿನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಬೇರೆಯವರು ಪ್ರೋಗ್ರಾಂ ಬರೆಯಲು ಬಳಸುವಂಥ ಸಾಫ್ಟ್‌ವೇರ್ ನಮ್ಮದು. ಅದೂ, ಅದರಲ್ಲಿ ತಯಾರಾದ ಪ್ರೋಗ್ರಾಂಗಳೂ ಯಾವ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತವೆ, ಯಾವುದರ ಮೇಲೆ ನಿಂತುಬಿಡುತ್ತವೆ ಎಂದು ನೋಡುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಬೇಕು, ಇನ್ನೊಂದು ಸಿಸ್ಟಂ ಹಾಕಬೇಕು, ನಮ್ಮದನ್ನು ನಡೆಸಿ ನೋಡಬೇಕು, ಮತ್ತೆ ಅಳಿಸಬೇಕು. ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಕುಷಾಯಿಗೂಡದ ಮನೆ ಸೇರುವಷ್ಟರಲ್ಲಿ ಗಂಡನ ಜೊತೆ ಮಾತಾಡಲೂ ಬೇಸರವಾಗುತ್ತಿತ್ತು.

ಒಂದು ಮಧ್ಯಾಹ್ನ, ಗಿರಾಕಿಗಳ ಫೋನು ತೆಗೆದುಕೊಳ್ಳುವ ಹುಡುಗಿ ರಿಸೀವರನ್ನು ನನ್ನ ಕೈಗೆ ಕೊಟ್ಟಳು. ಆ ಕಡೆಯವರ ಹಿಂದಿ ಅವಳಿಗೆ ತಿಳಿಯುತ್ತಿರಲಿಲ್ಲ. ನನಗೆ ಒಂದೇ ಮಾತಿಗೆ ಗೊತ್ತಾಯಿತು.

“ಗುಲಬರ್ಗಾ ಕಡಿಯವ್ರೇನ್ರಿ ನೀವು?” ಎಂದೆ.

“ಹೌದ್ರಿ ಮೇಡಂ. ನೀವು ಕನ್ನಡದವ್ರಾ? ಭಾಳ ಚಲೋ ಆತು.”

“ನಂದು ಬೀದರ್ರಿ. ಹೇಳ್ರಿ, ಏನಾಗ್ಯದ?”

ಅವರು ಒಂದು ಬೇಳೆ ಮಿಲ್ಲಿನಲ್ಲಿ ಗುಮಾಸ್ತರು. ಲಾರಿ ತೂಗುವ ಕಾಟಾದಿಂದ ತೂಕ ತಾನಾಗಿಯೇ ಕಂಪ್ಯೂಟರಿಗೆ ಬರುವಂಥ ಪ್ರೋಗ್ರಾಂ ಒಂದನ್ನು, ನಮ್ಮ ಸಾಫ್ಟ್‌ವೇರ್ ಕಲಿತು, ತಾವೇ ಬರೆದಿದ್ದರು. ಈಗ ಮಾಲೀಕರು ಹೊಸ ಕಂಪ್ಯೂಟರ್ ತಂದಿದ್ದರು. ಅದರಲ್ಲಿದ್ದುದು ಹೊಸ ಸಿಸ್ಟಂ; ಹಳೆಯದು ಅದರ ಮೇಲೆ ಕೂರುತ್ತಿರಲಿಲ್ಲ.

“ಪ್ರೋಗ್ರಾಂ ತೆರೀತದ್ರಿ. ಆದ್ರ ಕಾಟಾದ ತೂಕಾನೇ ಬರವಲ್ದು,” ಎಂದರು.

ನಾನು ನಮ್ಮ ಲ್ಯಾಬಿನಲ್ಲಿ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಅವರ ಬಳಿಯಿದ್ದ ನಮ್ಮ ಸಾಫ್ಟ್‌ವೇರಿನ ಹಳೆಯ ವರ್ಷನ್ ಹೊಸ ಸಿಸ್ಟಂ ಮೇಲೆ ಸಲೀಸಾಗಿ ಕೂತಿತ್ತು, ಆದರೆ ಅದರಲ್ಲಿ ತಯಾರಾದ ಪ್ರೋಗ್ರಾಂಗಳಿಗೆ ಹೊರಗಿನ ಯಂತ್ರದ ಕೇಬಲ್ಲು ಕಾಣಿಸುತ್ತಲೇ ಇರಲಿಲ್ಲ. ನಮ್ಮ ತಂಡದ ಮುಖ್ಯಸ್ಥರಿಗೆ ಹೇಳಿದೆ. ಅವರು ತಲೆ ಎತ್ತದೆ, “ಆ ವರ್ಷನ್ ನಿಲ್ಲಿಸಿಯಾಯಿತಮ್ಮಾ. ಹೊಸದನ್ನು ಕೊಳ್ಳಲು ಹೇಳು,” ಎಂದರು. ಹೊಸದು ಹಳೆಯ ಪ್ರೋಗ್ರಾಂಗಳನ್ನು ತೆರೆಯುವುದೇ ಇಲ್ಲ ಎಂದೆ. “ಗೊತ್ತು,” ಎಂದರು. ಅವರೂ ದಣಿದಿದ್ದರು. ನಾನು ವಾದ ಮಾಡಲಿಲ್ಲ.

ಗುಮಾಸ್ತರಿಗೆ ಹೇಗೆ ಹೇಳುವುದೆಂದು ತಿಳಿಯದೆ ಎರಡು ದಿನ ಫೋನ್ ಮಾಡಲಿಲ್ಲ. ಕೊನೆಗೆ ಅವರೇ ಮಾಡಿದರು.

“ಆಗಂಗಿಲ್ರಿ,” ಎಂದೆ. “ಹಳೇ ಕಂಪ್ಯೂಟರನ್ನೇ ಇಟ್ಕೊಳ್ರಿ.”

“ಅದು ಸತ್ತೋಗ್ಯದಲ್ರಿ ಮೇಡಂ.”

ಹಾಗಾದರೆ ಇಲ್ಲಿ ಅಂಥದೇ ಹಳೆಯದೊಂದನ್ನು ಹುಡುಕೋಣ, ಬನ್ನಿ ಎಂದೆ. ಮುಂದಿನ ಶನಿವಾರ ಅವರು ರೈಲಿನಲ್ಲಿ ಬಂದರು. ತೆಳ್ಳಗಿನ, ನನ್ನ ಅಣ್ಣನ ವಯಸ್ಸಿನ ಮನುಷ್ಯ. ಸಿಕಂದರಾಬಾದಿನ ಹಳೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಇಬ್ಬರೂ ಬಿಸಿಲಲ್ಲಿ ಅಲೆದೆವು. ಹೊಸದರ ಹಿಂದೆ ಬಿದ್ದ ಊರಿನಲ್ಲಿ ಹಳೆಯದನ್ನು ಹುಡುಕುವವರನ್ನು ಕಂಡು ಅಂಗಡಿಯವರು ನಗುತ್ತಿದ್ದರು. ಕೊನೆಗೊಂದು ಸಿಕ್ಕಿತು, ಹಳೆಯ ಸಿಸ್ಟಂ ಇದ್ದದ್ದೇ. ಅದನ್ನು ಹಳೆ ಚಾದರದಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಹೋದರಂತೆ. ಸೋಮವಾರ ಫೋನು ಬಂತು, ತೂಕ ಬರುತ್ತಿದೆ ಎಂದು. ಬಹಳ ದಿನಗಳ ಮೇಲೆ ಆವತ್ತು ನನಗೆ ಹಸಿವಾಗಿ ಊಟ ಸೇರಿತು.

ಆಮೇಲೆ ಅವರ ಫೋನು ಕಡಿಮೆಯಾಯಿತು. ವರ್ಷ ತುಂಬುವ ಮೊದಲು ನಾನೇ ಒಮ್ಮೆ ಮಾಡಿದೆ. ಆ ಹೊತ್ತಿಗೆ ನಮ್ಮ ಲ್ಯಾಬಿಗೆ ಮತ್ತೊಂದು ಹೊಸ ಸಿಸ್ಟಂ ಬಂದಿತ್ತು.

“ಕಾಟಾ ಹೆಂಗದ್ರಿ?” ಎಂದು ಕೇಳಿದೆ.

“ಮಾಲಕ್ರು ಹೊಸಾ ಕಾಟಾನೇ ತಂದಾರ್ರಿ. ಅದರ ಸಾಫ್ಟ್‌ವೇರ್ ಅದರ ಸಂಗಾಟನೇ ಬಂದದ. ನಾ ಬಟನ್ ಒತ್ತೂದು, ಚೀಟಿ ಹರದು ಡ್ರೈವರಗ ಕೊಡೂದು, ಅಷ್ಟ.”

“ನಿಮ್ಮ ಪ್ರೋಗ್ರಾಂ?”

“ತಗದಿಟ್ಟೀನ್ರಿ,” ಎಂದರು. ಆಮೇಲೆ, “ಊಟ ಆತೇನ್ರಿ ಮೇಡಂ?” ಎಂದು ಕೇಳಿದರು.

ಆಗಿರಲಿಲ್ಲ. ಆತ್ರಿ ಎಂದೆ.