ಗಂಗವ್ವನ ಪಾಲಿನ ಹಡಗು

ನಾನು ಸಮುದ್ರ ನೋಡಿದ್ದು ನನ್ನ ನಲವತ್ತನೆಯ ವಯಸ್ಸಿಗೆ. ಅದಕ್ಕಿಂತ ಹದಿನೈದು ವರ್ಷ ಮೊದಲೇ ಹಡಗು ಕಟ್ಟುತ್ತಿದ್ದೆ. ನಗುವವರು ನಗಲಿ. ಎಪ್ಪತ್ತರ ದಶಕದ ವಿಜಾಪುರದಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲಬೇಕಿತ್ತು. ಅಂಥ ಊರಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಸೌದೆ ಒಟ್ಟುವ ಕೋಣೆಯೊಳಗೆ ಕುಳಿತು ಒಬ್ಬ ಮಾಸ್ತರ ಮೂರು ಕಂಬದ ಹಾಯಿಹಡಗು ಕಟ್ಟುತ್ತಾನೆಂದರೆ ಓಣಿಯವರು ಸುಮ್ಮನೆ ಬಿಡುತ್ತಾರೆಯೇ? "ಮಾಸ್ತರ, ಹಡಗ ಯಾವಾಗ ಬಿಡ್ತೀರಿ? ನಮಗೂ ಒಂದು ಟಿಕೀಟ ಇಡ್ರಿ" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಉತ್ತರ ಕೊಡದೆ ದಾಟಿ ಹೋಗುತ್ತಿದ್ದೆ.

ಈ ಹುಚ್ಚು ಹಚ್ಚಿದವನು ನನ್ನ ತಮ್ಮ. ಅವನು ಮುಂಬಯಿಯಿಂದ ಹೊರಡುವ ಸರಕಿನ ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಒಮ್ಮೆ ರಜೆಗೆ ಬಂದಾಗ ಅಲ್ಲಿಯ ಫುಟ್‌ಪಾತಿನಲ್ಲಿ ಕೊಂಡ ಹಳೆಯ ನಕಾಶೆಯೊಂದನ್ನು ತಂದುಕೊಟ್ಟ. ಹಾಯಿಹಡಗಿನ ಒಂದೊಂದು ಪಕ್ಕೆಲುಬು, ಒಂದೊಂದು ಹಗ್ಗ ಅದರಲ್ಲಿತ್ತು. "ಅಣ್ಣಾ, ನಿನ್ನ ಕೈಯಾಗ ಕಸಬು ಅದ. ಬರೇ ಹುಡುಗರ ಕಿವಿ ಹಿಂಡೂದ್ರಾಗ ಹಾಳ ಮಾಡಬ್ಯಾಡ," ಅಂದ. ನಾನು ಬಬಲೇಶ್ವರದ ಸಾಲಿಯಲ್ಲಿ ಮಾಸ್ತರ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವವನು. ಅಪ್ಪ ಇದ್ದಾಗ ನಾವು ತಿಕೋಟಾದಲ್ಲಿದ್ದೆವು. ಅಲ್ಲಿ ಪಕ್ಕದ ಮನೆಯ ಬಡಿಗೇರ ಅಜ್ಜ ಚಕ್ಕಡಿ ಮಾಡುವುದನ್ನು ನೋಡುತ್ತಲೇ ಬೆಳೆದಿದ್ದೆ. ಉಳಿ, ಬಾಚಿ, ಗರಗಸ ನನಗೆ ಹೊಸವಲ್ಲ.

ಎರಡು ವರ್ಷ ಹಿಡಿಯಿತು. ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು ಇಬ್ಬರೇ. ನನಗಿನ್ನೂ ಮದುವೆಯಾಗಿರಲಿಲ್ಲ. ಕಟ್ಟಿಗೆ ಅಡ್ಡೆಯಲ್ಲಿ ಆಯ್ದ ಸಾಗವಾನಿ ತುಂಡಿನಿಂದ ಬೆನ್ನೆಲುಬು ಮಾಡಿದೆ, ಚಹಾಪುಡಿ ಬರುವ ಪೆಟ್ಟಿಗೆಯ ಹಲಗೆ ಸೀಳಿ ಪಟ್ಟಿ ಮಾಡಿದೆ. ಪಟ್ಟಿ ಬಾಗಬೇಕೆಂದರೆ ಬಿಸಿನೀರಲ್ಲಿ ನೆನೆಯಬೇಕು, ಅದಕ್ಕೆ ಬಚ್ಚಲಿನ ಹಂಡೆಯೇ ಗತಿ. "ನಾ ಜಳಕಾ ಮಾಡ್ಲ್ಯೋ, ನಿನ್ನ ಹಡಗದ ಎಲುಬು ಕುದಿಸ್ಲ್ಯೋ?" ಎಂದು ಅವ್ವ ಭಾನುವಾರಕ್ಕೊಮ್ಮೆ ಬೈಯುತ್ತಿದ್ದಳು. ಅಪ್ಪನ ಹಳೆಯ ಧೋತರಕ್ಕೆ ಗಂಜಿ ಹಾಕಿ ಹಾಯಿ ಮಾಡಿದೆ, ದಾರಕ್ಕೆ ಮೇಣ ತಿಕ್ಕಿ ಹಗ್ಗ ಮಾಡಿದೆ. ಅಂಟು ಮಾತ್ರ ಬಡಿಗೇರರು ಕುದಿಸಿ ಹಚ್ಚುವ ಚರ್ಮದ ಅಂಟು. ಒಣಗಿದರೆ ಕಬ್ಬಿಣ, ನೀರು ತಾಗಿದರೆ ಲೊಳೆ. ಅದು ನನಗೆ ಗೊತ್ತಿತ್ತು, ಆದರೆ ಚಿಂತೆ ಇರಲಿಲ್ಲ. ಇದೇನು ನೀರಿಗಿಳಿಯುವ ಹಡಗೇ? ಪಡಸಾಲೆಯ ಗೋಡೆಯ ಮಾಡದಲ್ಲಿ ಕೂಡ್ರುವ ಹಡಗು.

ತಮ್ಮನ ಪತ್ರ ತಿಂಗಳಿಗೊಂದು ಬರುತ್ತಿತ್ತು. ನನ್ನ ಹಡಗಿನ ಕೆಲಸ ಮುಗಿಯುತ್ತ ಬಂದ ವರ್ಷ ಅದು ನಿಂತಿತು. ಒಂದು ತಿಂಗಳು, ಎರಡು ತಿಂಗಳು, ನಾಲ್ಕು ತಿಂಗಳು. ಅವನ ಕಂಪನಿಗೆ ಎರಡು ಸಲ ಬರೆದೆ. ಹಡಗು ಪ್ರಯಾಣದಲ್ಲಿದೆ, ವಿಷಯ ತಿಳಿದರೆ ತಿಳಿಸುತ್ತೇವೆ ಎಂದು ಒಂದು ಸಾಲಿನ ಉತ್ತರ ಬಂತು. ಅದೇ ವಾರ ಪತ್ರಿಕೆಯಲ್ಲಿ ಸುದ್ದಿ ನೋಡಿದೆ: ಬಿರುಗಾಳಿಗೆ ಸಿಕ್ಕು ಒಂದು ಸರಕಿನ ಹಡಗು ಮುಳುಗಿದೆ. ಹಡಗಿನ ಹೆಸರಿರಲಿಲ್ಲ. ಪತ್ರಿಕೆ ಮಡಚಿ ಚೀಲದ ತಳಕ್ಕೆ ತುರುಕಿದೆ. ಅವ್ವನಿಗೆ ಓದು ಬರುವುದಿಲ್ಲ, ಗೊತ್ತಾಗಲಿಕ್ಕಿಲ್ಲ ಎಂದುಕೊಂಡೆ. ಆದರೆ ನಳದ ಹತ್ತಿರ ಯಾರೋ ಪುಣ್ಯಾತ್ಮರು ಓದಿ ಹೇಳಿಬಿಟ್ಟಿದ್ದರು. ಸಂಜೆ ಮನೆಗೆ ಬಂದಾಗ ಅವ್ವ ಒಲೆ ಹಚ್ಚದೆ ಕುಳಿತಿದ್ದಳು. "ನಿನಗ ಗೊತ್ತಿತ್ತಲ್ಲ?" ಅಂದಳು, ಅಷ್ಟೇ. ಅಳಲೂ ಇಲ್ಲ.

ಮರುದಿನ ಮಮದಾಪುರಕ್ಕೆ ಹೋದಳು. ಅದು ಅವಳ ತವರು. ಅಲ್ಲಿ ದೊಡ್ಡ ಕೆರೆ ಇದೆ, ದಂಡೆಯ ಮೇಲೆ ಗಂಗವ್ವನ ಕಲ್ಲಿದೆ. ಮೂರನೆಯ ದಿನ ತಿರುಗಿ ಬಂದವಳು ಚೀಲ ಕೆಳಗಿಡುವ ಮೊದಲೇ ಹೇಳಿದಳು. "ಗಂಗವ್ವಗ ಬೇಡಿಕೊಂಡು ಬಂದೇನಿ. ನಮ್ಮ ಮನಿ ಹಡಗ ನಿನಗ ಬಿಡ್ತೀನಿ, ನೀ ಹಿಡದಿಟ್ಟ ಹಡಗ ನನಗ ಬಿಡು ಅಂತ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದಮೇಲೆ ಮೈಯೆಲ್ಲ ಉರಿಯಿತು.

"ನನ್ನ ಒಂದು ಮಾತ ಕೇಳದ ನನ್ನ ಹಡಗ ಹೆಂಗ ಬೇಡಿಕೊಂಡಿ?"

"ಕೇಳಿದ್ರ ಏನಂತಿದ್ದಿ?"

ನಿಜ ಹೇಳುತ್ತೇನೆ, ಈಗ ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ: ಆ ದಿನ ನನಗೆ ತಮ್ಮನ ಬಗ್ಗೆ ಎಷ್ಟು ಸಂಕಟವಿತ್ತೋ ಹಡಗಿನ ಬಗ್ಗೆಯೂ ಅಷ್ಟೇ ಇತ್ತು. ನಾಚಿಕೆಯಾಗುತ್ತಿತ್ತು, ಆದರೂ ಇತ್ತು. ಅರ್ಧಕ್ಕೆ ನಿಂತದ್ದನ್ನು ದೇವರಿಗೆ ಕೊಡುವಂತಿಲ್ಲ. ಹಾಗಾಗಿ ನನಗೊಂದು ದಾರಿ ಕಂಡಿತು. ಕಂಬಗಳಿಗೆ ಹಗ್ಗ ಕಟ್ಟುವುದು ಬಾಕಿಯಿತ್ತು. "ಇನ್ನೂ ಮುಗದಿಲ್ಲ ಯವ್ವಾ," ಎಂದು ದಿನ ತಳ್ಳತೊಡಗಿದೆ. ಅವಳು ದಿನವೂ ಬೆಳಿಗ್ಗೆ ಕೋಣೆಯ ಹೊಸ್ತಿಲ ಮೇಲೆ ಕುಳಿತು, ನಕಾಶೆಯಲ್ಲಿ ಯಾವ ಹಗ್ಗ ಆಗಿದೆ, ಯಾವುದು ಉಳಿದಿದೆ ಎಂದು ಕೇಳುತ್ತಿದ್ದಳು. ನಾನು ತೋರಿಸುತ್ತಿದ್ದೆ. ಅವಳು ಹೋದಮೇಲೆ ಕಟ್ಟಿದ್ದರಲ್ಲಿ ಎರಡು ಮೂರು ಬಿಚ್ಚುತ್ತಿದ್ದೆ.

ಮೂರು ವಾರ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಅವ್ವ ಹೊಸ್ತಿಲ ಪಕ್ಕದ ಗೋಡೆ ತೋರಿಸಿದಳು. ಇದ್ದಿಲಿನಿಂದ ಎಳೆದ ಸಣ್ಣ ಸಣ್ಣ ಗೆರೆಗಳು. ನಾನು ಅವನ್ನು ನೋಡಿಯೇ ಇರಲಿಲ್ಲ.

"ನಿನ್ನಿ ಹದಿನಾಕು ಉಳದಿದ್ದೂ," ಅಂದಳು. "ಇವತ್ತ ಹದಿನೇಳು ಅದಾವ. ಹಗ್ಗ ಬಿಚ್ಚಾಕತ್ತಿಯಲ್ಲೋ ಯಪ್ಪಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಎದ್ದು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕುಳಿತಳು. ಆವತ್ತು ಸಾಲಿಗೆ ರಜೆ ಹಾಕಿ ಸಂಜೆಯೊಳಗೆ ಹದಿನೇಳೂ ಹಗ್ಗ ಕಟ್ಟಿದೆ. ಮುಖವೆತ್ತಿ ಅವಳನ್ನು ನೋಡುವ ಧೈರ್ಯವಾಗಲಿಲ್ಲ.

ಕಟ್ಟಿ ಮುಗಿಸಿದ ಮೇಲೆ ನಿಜವಾದ ಭಯ ಶುರುವಾಯಿತು. ಮಾಡದಲ್ಲಿ ಕೂಡ್ರಲು ಮಾಡಿದ ಹಡಗು ನೀರಲ್ಲಿ ನಿಲ್ಲುತ್ತದೆಯೇ? ಅವ್ವ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಎರಡೂವರೆ ಅಡಿ ಉದ್ದದ ಅದನ್ನು ಪಕ್ಕದ ಮನೆಯವರ ಎಮ್ಮೆ ನೀರು ಕುಡಿಯುವ ಕಲ್ಲಿನ ಬಾನಿಗೆ ಒಯ್ದು ಬಿಟ್ಟೆ. ಕೈ ತೆಗೆದದ್ದೇ ತಡ, ಮೂರೂ ಕಂಬ ನೀರಿಗೆ ಮಲಗಿದವು. ಮಮದಾಪುರದ ಕೆರೆಯಲ್ಲಿ, ಅವ್ವನ ಕಣ್ಣೆದುರಿಗೆ, ಇದು ಹೀಗೆ ಮಲಗಿದರೆ ಅವಳ ಪಾಲಿಗೆ ಬಿದ್ದದ್ದು ಕಟ್ಟಿಗೆಯ ಹಡಗಲ್ಲ, ಮಗ. ಅಲ್ಲಿಗೇ ಅವಳ ಜೀವ ಹಾರಿ ಹೋದೀತು. ಆಗದು ಎಂದು ಹೇಳುವ ಹಾಗೂ ಇಲ್ಲ, ಕಾರ್ತೀಕದ ಎರಡನೆಯ ಸೋಮವಾರ ಎಂದು ಅವಳು ದಿನ ಹಿಡಿದಾಗಿತ್ತು. ನನ್ನ ಕೈಯಲ್ಲಿ ಒಂಬತ್ತು ದಿನ ಉಳಿದಿದ್ದವು.

ತಳದಲ್ಲಿ ಭಾರ ಬೇಕು, ಅಷ್ಟು ಬುದ್ಧಿ ನನಗಿತ್ತು. ಆದರೆ ತಳ ಮುಟ್ಟಬೇಕೆಂದರೆ ಮೇಲಿನ ಹಾಸು ಒಡೆಯಬೇಕು. ಆರು ತಿಂಗಳು ಕುಳಿತು, ಒಂದೊಂದು ಪಟ್ಟಿ ಕೂದಲೆಳೆಯಷ್ಟು ಸಂದಿಯಿಲ್ಲದಂತೆ ಕೂಡಿಸಿದ ಹಾಸು. ಉಳಿ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕೊನೆಗೆ ಕಣ್ಣು ಮುಚ್ಚಿ ಒಂದು ಪೆಟ್ಟು ಹಾಕಿದೆ. ಆ ಸಪ್ಪಳ ಇನ್ನೂ ಕಿವಿಯಲ್ಲಿದೆ. ಒಳಗೆಲ್ಲ ಡಾಂಬರು ಬಳಿದೆ, ಅಂಟಿಗೆ ನೀರು ತಾಗದಿರಲಿ ಎಂದು. ಗುಜರಿ ಅಂಗಡಿಯಿಂದ ತಂದ ಸೀಸದ ತುಂಡುಗಳನ್ನು ಬೆನ್ನೆಲುಬಿನ ಉದ್ದಕ್ಕೂ ಜೋಡಿಸಿದೆ. ಬಾನಿಗೆ ಒಯ್ದೆ, ವಾಲಿತು. ಇನ್ನಷ್ಟು ಇಟ್ಟೆ, ಒಂದೇ ಕಡೆ ತೂಗಿತು. ಆರನೆಯ ಸಲ, ಒಂದೂವರೆ ಕಿಲೋ ಸೀಸ ಕುಡಿದ ಮೇಲೆ, ಅದು ನೆಟ್ಟಗೆ ನಿಂತಿತು. ಕೈಯಿಂದ ಅಲೆ ಎಬ್ಬಿಸಿದೆ, ತೂಗಾಡಿ ಮತ್ತೆ ನಿಂತಿತು. ಕಲ್ಲಿನ ಬಾನಿಯ ಪಕ್ಕ ಕುಳಿತು ನಾನು ಗಳಗಳ ಅತ್ತುಬಿಟ್ಟೆ. ಹಾಸು ಮುಚ್ಚಿ, ಸಂದಿಗಳಿಗೆ ಮೇಣ ತುಂಬಿ, ಅವ್ವನಿಗೆ ಇದಾವುದನ್ನೂ ಹೇಳದೆ ಸೋಮವಾರ ಅವಳ ಜೊತೆ ಬಸ್ಸು ಹತ್ತಿ ಹಡಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಆ ವರ್ಷ ಮಳೆ ಚಲೋ ಆಗಿ ಕೆರೆ ತುಂಬಿತ್ತು. ಗಾಳಿ ಸಣ್ಣಗಿತ್ತು. ಅವ್ವ ಗಂಗವ್ವನ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿದಳು. ನಾನು ಮೊಳಕಾಲುದ್ದ ನೀರಿಗಿಳಿದು ಹಡಗು ಇಟ್ಟೆ. ನಿಂತಿತು. ಅವ್ವನ ಮುಖದಲ್ಲಿ ಐದು ತಿಂಗಳಿಂದ ಕಾಣದ ಕಳೆ ಕಂಡಿತು. ಇನ್ನೇನು ಕೈ ಬಿಡಬೇಕು, ಅವ್ವ "ತಡಿ" ಅಂದಳು.

ಸೆರಗಿನಿಂದ ಒಂದು ಹಸಿರು ಕುಪ್ಪಸದ ಖಣ ತೆಗೆದು ಹಾಸಿನ ಮೇಲೆ ಹರವಿದಳು. ಐದು ಉತ್ತತ್ತಿ, ಐದು ಅಡಿಕೆ, ಹಿಡಿ ಅಕ್ಕಿ, ಹಸಿರು ಬಳೆ ಇಟ್ಟು ಗಂಗವ್ವನ ಮಡಿಲು ತುಂಬತೊಡಗಿದಳು. ಹಡಗು ಸ್ವಲ್ಪ ತಗ್ಗಿತು, ತಡೆದುಕೊಂಡಿತು. ಆಮೇಲೆ ಚೀಲಕ್ಕೆ ಕೈ ಹಾಕಿ ತೆಂಗಿನಕಾಯಿ ತೆಗೆದಳು. ಜುಟ್ಟಿದ್ದ, ನೀರು ತುಂಬಿದ, ದೊಡ್ಡ ಕಾಯಿ.

"ಕಾಯಿ ಬ್ಯಾಡ ಯವ್ವಾ," ಅಂದೆ.

"ಆಕಿ ಹೆಣ್ಣಮಗಳು. ಕಾಯಿ ಇಲ್ಲದ ಉಡಿ ತುಂಬ್ತಾರೇನು?"

"ಭಾರ ಆಗ್ತದ."

"ಇಷ್ಟು ದೊಡ್ಡ ಹಡಗಕ್ಕ ಒಂದು ಕಾಯಿ ಭಾರ ಆಗ್ತದೇನು? ನಿನ್ನ ತಮ್ಮನ ಹಡಗದಾಗ ಸಾವಿರ ಚೀಲ ಇರ್ತಾವಂತ."

ಬೀಳುತ್ತದೆ ಎನ್ನಬೇಕಿತ್ತು. ಆ ಒಂದು ಮಾತು ಅಂದಿದ್ದರೆ ಅವಳು ಕಾಯಿ ಇಡುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ, ಆ ನೀರಲ್ಲಿ ನಿಂತು, ಹಡಗು ಬೀಳುತ್ತದೆ ಎನ್ನುವ ಮಾತನ್ನು ಬಾಯಿಂದ ಹೇಗೆ ತರುವುದು? ಕಾಯಿಯನ್ನು ನಡುಗಂಬಕ್ಕೆ ಒತ್ತಿಟ್ಟು, ಖಣದ ಚುಂಗಿನಿಂದ ಆದಷ್ಟು ಬಿಗಿಯಾಗಿ ಕಟ್ಟಿದೆ. ಮೆಲ್ಲಗೆ ತಳ್ಳಿದೆ. ಹತ್ತು ಮಾರು ನೆಟ್ಟಗೆ ಹೋಯಿತು. ಅಪ್ಪನ ಧೋತರದ ಹಾಯಿ ಗಾಳಿಗೆ ಉಬ್ಬಿತು.

"ನಡಿ," ಅಂದಳು ಅವ್ವ. "ಕೊಟ್ಟ ಮ್ಯಾಲ ಹೊಳ್ಳಿ ನೋಡಬಾರ್ದು. ನೋಡಿದ್ರ ಇವರಿಗಿನ್ನೂ ಅದರ ಮ್ಯಾಲ ಆಸೆ ಅದ ಅಂತ ಆಕಿ ತಿಳೀತಾಳ."

ಅವಳು ಮುಂದೆ, ನಾನು ಹಿಂದೆ. ಕೆರೆಯ ಒಡ್ಡು ಇಳಿಯುವ ತಿರುವಿನಲ್ಲಿ ಚಪ್ಪಲಿಯ ಉಂಗುಷ್ಟ ಸರಿಮಾಡುವವನಂತೆ ಬಗ್ಗಿ ತಿರುಗಿ ನೋಡಿದೆ. ಹಾಯಿ ಕಾಣಲಿಲ್ಲ. ಕರಿ ಡಾಂಬರಿನ ತಳ ಮಾತ್ರ ನೀರ ಮೇಲಿತ್ತು. ಪಕ್ಕದಲ್ಲಿ ಕಾಯಿ ತೇಲುತ್ತಿತ್ತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವ್ವ ಕಾಲು ತೊಳೆದು ಬರುತ್ತೇನೆಂದು ಹೋಗಿ ಬಂದಳು. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಅವಳು ಹರಕೆ ತೀರಿಸಿದ ಸಮಾಧಾನದಲ್ಲಿ ಇದ್ದಾಳೆ ಎಂದುಕೊಂಡೆ. ನಾನು ಮಾತ್ರ ಒಳಗೊಳಗೇ ಸಾಯುತ್ತಿದ್ದೆ. ಹಗ್ಗ ಬಿಚ್ಚಿದವನು ನಾನು, ಬಾಯಿ ಮುಚ್ಚಿಕೊಂಡು ನಿಂತವನು ನಾನು, ತಿರುಗಿ ನೋಡಿದವನೂ ನಾನು. ತಮ್ಮನಿಗೆ ಏನಾದರೂ ಆಗಿದ್ದರೆ ಅದು ನನ್ನ ತಲೆಗೇ ಬರಬೇಕು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ತಿಳಿಯದು. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ತರಗತಿಯಲ್ಲಿ ಮಗ್ಗಿ ಹೇಳಿಸುತ್ತ ನಡುವೆ ನಾನೇ ತಪ್ಪುತ್ತಿದ್ದೆ. ಅವ್ವ ಒಂದೇ ಹೊತ್ತು ಊಟ ಮಾಡತೊಡಗಿದಳು, ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಳು. ಕೇಳಿದರೆ "ಹರಕಿದು, ಇರ್ಲಿ ಬಿಡು" ಅಂದಳು. ನಾನು ನಂಬಿದೆ.

ಹದಿನೆಂಟನೆಯ ದಿನ ಪತ್ರ ಬರಲಿಲ್ಲ, ತಮ್ಮನೇ ಬಂದ. ಟ್ರಂಕು ಹೊತ್ತು, ಅರ್ಧಕ್ಕರ್ಧ ಸೊರಗಿ, ಹಳದಿ ಕಣ್ಣು ಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಯಾವುದೋ ದೂರದ ಬಂದರಿನಲ್ಲಿ ಕಾಮಾಲೆ ಹಿಡಿದು ಆಸ್ಪತ್ರೆ ಸೇರಿದ್ದನಂತೆ. ಹಡಗು ಅವನನ್ನು ಬಿಟ್ಟು ಮುಂದೆ ಹೋಗಿತ್ತು. ಪತ್ರಿಕೆಯಲ್ಲಿ ಓದಿದ್ದು ಬೇರೆ ಹಡಗಂತೆ. ಬರೆದ ಪತ್ರ ಒಂದೂ ನಮಗೆ ಮುಟ್ಟಿರಲಿಲ್ಲ. ಅವ್ವ ಅವನ ಮುಖ ಸವರಿದಳು, ಕೈ ಸವರಿದಳು, ಆಮೇಲೆ ಒಲೆ ಹಚ್ಚಿ ರೊಟ್ಟಿ ಬಡಿಯಲು ಕುಳಿತಳು.

ಇಬ್ಬರೂ ತಾಟಿನ ಮುಂದೆ ಕುಳಿತೆವು. ತಮ್ಮನ ಕಣ್ಣು ಪಡಸಾಲೆಯ ಖಾಲಿ ಮಾಡದ ಮೇಲೆ ಬಿತ್ತು. "ಅಣ್ಣಾ, ಹಡಗ ಎಲ್ಲಿ?" ಅಂದ. ಹರಕೆಯ ಸಂಗತಿ ಹೇಳಿದೆ.

"ತೇಲ್ತೇನು?"

"ತೇಲ್ತು," ಅಂದೆ.

"ತಳಕ್ಕ ಎಷ್ಟು ಭಾರ ಹಾಕಿದ್ದಿ?"

"ಒಂದೂವರೆ ಕಿಲೋ ಸೀಸ."

ಅವನು ಲೆಕ್ಕ ಹಾಕುವವನಂತೆ ತಲೆಯಾಡಿಸಿದ. "ಅಷ್ಟಿದ್ರ ಸಾಕು. ಗಾಳಿ ಬಂದ್ರೂ ಬೀಳೂದಿಲ್ಲ ಅದು."

ಒಲೆಯ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಬಿತ್ತು," ಅಂದಳು ಅವ್ವ. "ಕಾಲ ತೊಳ್ಯಾಕ ಹೋದಾಗ ನೋಡಿದೆ. ತಡಕೊಳ್ಳಾಕ ಆಗ್ಲಿಲ್ಲ, ನೋಡಿದೆ. ಬುಡಮ್ಯಾಲಾಗಿ ಬಿದ್ದಿತ್ತು." ಅವಳು ತಮ್ಮನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. "ಕಾಯಿ ಇಟ್ಟಾಕಿ ನಾನು. ನಿನ್ನ ಹಡಗದಾಗ ಏನೂ ಕಸರ ಇರ್ಲಿಲ್ಲ. ನಿನಗ ಹೇಳಿದ್ರ ಮನಸಿಗೆ ಹಚ್ಚಿಕೋತಿ ಅಂತ ಹೇಳ್ಲಿಲ್ಲ."

ಹದಿನೆಂಟು ದಿನ ಅವಳು ಒಂದೇ ಹೊತ್ತು ಉಂಡದ್ದು ಯಾಕೆಂದು ಆಗ ತಿಳಿಯಿತು.

"ನಾನೂ ನೋಡೀನಿ ಯವ್ವಾ," ಅಂದೆ. "ಕಾಯಿ ಇಟ್ಟರ ಬೀಳ್ತದ ಅಂತ ನನಗ ಮೊದಲ ಗೊತ್ತಿತ್ತು."

"ಗೊತ್ತಿದ್ದು ಯಾಕ ಅನ್ಲಿಲ್ಲ?"

"ಆ ಮಾತ ಆವತ್ತ ಬಾಯಾಗ ಹೆಂಗ ತರ್ಲಿ?"

ತಮ್ಮ ನಮ್ಮಿಬ್ಬರ ಮುಖ ನೋಡುತ್ತ ಕುಳಿತಿದ್ದ. ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ಅವ್ವ ಅದನ್ನು ತೆಗೆದು, ಐದು ತಿಂಗಳಿಗೂ ಹೆಚ್ಚು ಸುದ್ದಿಯಿಲ್ಲದೆ ಇದ್ದು ಮನೆಗೆ ಬಂದ ಮಗನನ್ನು ದಾಟಿ, ಮೊದಲು ನನ್ನ ತಾಟಿಗೆ ಹಾಕಿದಳು.