ಘಾಟು ತಾಗದ ಸಂಶೋಧಕ

ಗೆಳೆಯರೇ, ಇವತ್ತು ನನ್ನ ಅಕ್ಕನ ಮಗ, ಹೊಸ ಡಾಕ್ಟರು, ರಾಣೆಬೆನ್ನೂರಿನ ನಮ್ಮ ಮನೆಗೆ ಬಂದು ಮುಂದಿನ ತರಬೇತಿಯ ಅರ್ಜಿಯನ್ನು ತಿದ್ದಲು ಕೊಟ್ಟ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಕೆಮ್ಮಿನ ಬಗ್ಗೆ ತಾನೇ ಸಂಶೋಧನೆ ಮಾಡಿದ್ದಾಗಿ ಬರೆದಿದ್ದ.

“ಬ್ಯಾಡಗಿಗೆ ಯಾವಾಗ ಹೋಗಿದ್ದಿಯೋ?”

“ನಾ ಎಲ್ಲಿ ಹೋಗ್ಲಿ ಚಿಗವ್ವಾ, ಆ ಘಾಟು ನನಗ ಆಗೂದಿಲ್ಲ. ನಮ್ಮ ಬ್ಯಾಚಿನ ಶಬಾನಾ ಮೂರು ತಿಂಗಳು ಅವರ ಜೋಡಿ ಕುಂತು ಬರಕೊಂಡಾಳ. ಎಲ್ಲಾರೂ ಹಿಂಗ ಹಾಕ್ತಾರ.”

“ಆಕಿ ಅರ್ಜಿ ಹಾಕಿಲ್ಲೇನು?”

“ಹಾಕ್ಯಾಳ. ಇರೋದು ಒಂದ ಸೀಟು, ಲಗೂ ತಿದ್ದು.”

ಮೈಯೆಲ್ಲ ಉರಿಯಿತು. ಆ ಸಾಲುಗಳನ್ನು ಪೆನ್ನಿನಿಂದ ಹೊಡೆದುಹಾಕಿ ಕಾಗದವನ್ನು ಅವನ ಕೈಗಿಟ್ಟೆ.

“ಇನ್ನ ಏನ್ ಉಳೀತು ಇದರಾಗ?” ಎಂದು ಕೂಗಾಡಿದ.

“ನಿನ್ನ ಹೆಸರು.”

ಅದೊಂದನ್ನು ಮಾತ್ರ ಅವನು ಯಾರಿಂದಲೂ ಕದ್ದಿರಲಿಲ್ಲ.